ರಾರಾವಿಯ ಗೋಡೆಗೆ ಬಿದ್ದ ಗುಂಡು

ಕುರುಗೋಡಿನ ಜಂಬಮ್ಮನದು ಮನೆಗಳಿಗೆ ಸುಣ್ಣ ಬಳಿದು ಬಾಗಿಲ ಮಗ್ಗುಲಿಗೆ ಪ್ರಾಣಿ ಪಕ್ಷಿ ಬರೆಯುವ ಕಸುಬು. ಅವಳು ಬರೆದ ಗಿಳಿಯ ಕೆಳಗೆ ನಮ್ಮ ಓಣಿಯ ಬೆಕ್ಕು ಒಂಬತ್ತು ದಿನ ಕಾದು ಕೂತು ಉಪವಾಸ ಸತ್ತಿತು. ನಂಬದವರು ಬೆಕ್ಕಿನ ಕಡೆಯವರನ್ನು ಕೇಳಬಹುದು. ಜಂಬಮ್ಮನ ಸಿಟ್ಟೂ ಅಷ್ಟೇ ದೊಡ್ಡದು. ಸುಣ್ಣದ ಕಲ್ಲಿಗೆ ನೀರು ಹೊಯ್ಯಬೇಕಾಗಿರಲಿಲ್ಲ, ಇವಳು ದಿಟ್ಟಿಸಿದರೆ ತಾನೇ ಕುದಿಯುತ್ತಿತ್ತು.

೧೯೪೯ರಲ್ಲಿ ಆ ಸಿಟ್ಟಿಗೆ ತಕ್ಕ ಕಾರಣ ಸಿಕ್ಕಿತು. ಬಳ್ಳಾರಿಯ ಒಬ್ಬ ಹತ್ತಿ ಸಾಹುಕಾರನ ಮನೆಗೆ ಸುಣ್ಣ ಬಳಿಯಲು ಹೋಗಿದ್ದಳು. ಯುದ್ಧ ಮುಗಿದು ಪಟಾಲಮಿನ ಜೀಪುಗಳು ಹರಾಜಾದಾಗ ಒಂದನ್ನು ಹೊಡೆದುಕೊಂಡಿದ್ದ ಈ ಪುಣ್ಯಾತ್ಮ ಭಾನುವಾರಕ್ಕೊಮ್ಮೆ ಸಿರುಗುಪ್ಪದ ಕಡೆ ಬೇಟೆಗೆ ಹೋಗುತ್ತಿದ್ದ. ಹಿತ್ತಲಲ್ಲಿ ಮೂರು ಎರೆಭೂತಗಳು ತಲೆಕೆಳಗಾಗಿ ತೂಗುತ್ತಿದ್ದವು. ಎರೆಭೂತ ಅಂದರೆ ದೆವ್ವವಲ್ಲ, ಎರೆಹೊಲದಲ್ಲಿ ಆಳೆದೆಯ ಮಟ್ಟ ನಿಲ್ಲುವ ಹಕ್ಕಿ. ವರ್ಷಕ್ಕೆ ಒಂದೇ ಮೊಟ್ಟೆ. ಅಡಿಗೆಯವನು ಒಂದರ ಹೊಟ್ಟೆಯಿಂದ ಆ ಮೊಟ್ಟೆಯನ್ನೂ ತೆಗೆದ.

"ಒಂದಕ್ಕೆರಡು ಬಂತು ನೋಡಬೇ."

"ಎಲ್ಲಿ ಸಿಗ್ತಾವ ಇವು?"

"ರಾರಾವ್ಯಾಗ ಮೂಕಪ್ಪ ಅಂತ ಅದಾನ. ಅವ ತೋರಸ್ತಾನ, ಸಾಹುಕಾರ್ರು ಹೊಡೀತಾರ."

ಅರ್ಧ ಗೋಡೆ ಹಾಗೇ ಬಿಟ್ಟು, ಬಣ್ಣದ ಗಡಿಗೆ ಹೊತ್ತು ಜಂಬಮ್ಮ ರಾರಾವಿಗೆ ನಡೆದಳು. ಅವಳ ಬೈಗುಳಕ್ಕೆ ದಾರಿಯ ಜಾಲಿಗಳು ಮುಳ್ಳು ಉದುರಿಸಿದವಂತೆ. ಅವತ್ತು ಸಾಹುಕಾರನ ಮನೆಯಲ್ಲಿ ಆ ಹಕ್ಕಿಯ ಸಾರು ಉಂಡವರಲ್ಲಿ ನಾನೂ ಒಬ್ಬ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ನಮ್ಮ ಕಡೆ ಬಾಗಿಲ ಮಗ್ಗುಲಿಗೆ ಬರೆಸಿಕೊಂಡ ಪ್ರಾಣಿ ಆ ಮನೆಗೆ ಸೇರಿದ್ದು. ಮನೆಯವರು ಅದನ್ನು ಕೊಲ್ಲುವಂತಿಲ್ಲ, ಕೊಲ್ಲಿಸುವಂತಿಲ್ಲ. ಜಂಬಮ್ಮ ನೆಚ್ಚಿದ್ದು ಇದನ್ನೇ. ಶನಿವಾರ ಅವಳು ರಾರಾವಿ ಮುಟ್ಟಿದಾಗ ಮೂಕಪ್ಪ ಹೊಲಕ್ಕೆ ಹೋಗಿದ್ದ. ಪುಕ್ಕಟೆ ಬರೆಯುತ್ತೇನೆ ಅಂದದ್ದಕ್ಕೆ ಅವನ ಹೆಂಡತಿ ಹನುಮಮ್ಮ ಹೂಂ ಅಂದಳು. ಸಂಜೆ ಮೂಕಪ್ಪ ಬರುವಷ್ಟರಲ್ಲಿ ಬಾಗಿಲಷ್ಟೇ ಎತ್ತರದ ಎರೆಭೂತ ಕತ್ತು ನೀಡಿ ನಿಂತಿತ್ತು, ಕಾಲ ಬಳಿ ಒಂದು ಮೊಟ್ಟೆ.

"ಯಾರಬೇ ನೀನು? ಅಳಿಸು ಇದನ್ನ."

"ನಿನ್ನ ಮನಿ ಹಕ್ಕಿ. ನೀನ ಅಳಿಸ್ಕೋ."

"ನಾ ಅಳಿಸಿದ್ರ ಮನಿಗೆ ಕೇಡು."

"ಗೊತ್ತೈತಲ್ಲ. ಹಂಗಾರ ನಾಳೆ ಜೀಪು ಹತ್ತಬ್ಯಾಡ."

ಒಳಗಿನಿಂದ ಹನುಮಮ್ಮ, "ಇಷ್ಟು ದಿನ ಹತ್ತಿ ಏನ್ ತಂದಿ? ಮೈತುಂಬ ಧೂಳು," ಅಂದಳು.

ಮರುದಿನ ಭಾನುವಾರ, ಜೀಪು ಬಂತು. ಮೂಕಪ್ಪ ಕಟ್ಟೆಯಿಂದ ಏಳಲಿಲ್ಲ.

"ಆಗಂಗಿಲ್ರೀ ಧಣಿ. ಅದು ನಮ್ಮ ಮನಿ ಹಕ್ಕಿ ಆಗೈತಿ."

"ಈ ಹಕ್ಕಿ ಏನಲೇ?" ಅಂದ ಸಾಹುಕಾರ ನಗುತ್ತಲೇ ಬಂದೂಕು ಎತ್ತಿ ಗೋಡೆಗೆ ಎರಡು ಗುಂಡು ಹಾರಿಸಿದ. ಹಕ್ಕಿಯ ಕತ್ತು ಉದುರಿತು. ಮೊಟ್ಟೆ ಇದ್ದಲ್ಲಿ ಬರೀ ಮಣ್ಣು.

ಬಾಗಿಲಿಗೆ ಗುಂಡು ಹಾಕಿದ ಅಂತ ಊರಿಗೆ ಊರೇ ಒನಕೆ, ಕುಡುಗೋಲು ಹಿಡಿದು ಬಂತು. ಸಾಹುಕಾರ ಜೀಪನ್ನು ಹಿಮ್ಮುಖವಾಗಿಯೇ ಓಡಿಸಿದ. ಸಿರುಗುಪ್ಪ ದಾಟುವ ತನಕ ಅದನ್ನು ತಿರುಗಿಸಲಿಲ್ಲ, ಮತ್ತೆ ಆ ಕಡೆ ತಲೆಯೂ ಹಾಕಲಿಲ್ಲ.

ಊರೆಲ್ಲ ಗೆದ್ದ ಖುಷಿಯಲ್ಲಿತ್ತು. ಜಂಬಮ್ಮನ ಮುಖ ಮಾತ್ರ ಕೆಂಡ.

"ಹಕ್ಕಿ ಸಾಯೋ ಮುಂದ ಎಲ್ಲಿದ್ರಿ ಎಲ್ಲಾರೂ? ಬದುವಿನ ಮ್ಯಾಲ ನಿಂತು ನೋಡ್ತಿದ್ರಿ. ಈಗ ಸುಣ್ಣ ಉದುರಿದ್ದಕ್ಕ ಕುಡುಗೋಲು ತಂದ್ರಿ."

ಎತ್ತಿದ ಕುಡುಗೋಲುಗಳು ಕೆಳಗಿಳಿದವು. ಮೂಕಪ್ಪನೇ ಮೆಲ್ಲಗೆ, "ತಿದ್ದಿ ಕೊಡು ತಾಯಿ. ಎಲ್ಲಾರ ಬಾಗಿಲಿಗೂ ಬರಿ," ಅಂದ.

"ಇದನ್ನ ಸತ್ತಿದ್ದು ನೋಡಿ ಬರದೀನಿ. ಇನ್ನೊಂದು ಬರೀಬೇಕಂದ್ರ ಬದುಕಿದ್ದು ತೋರ್ಸು."

ಎಲ್ಲರೂ ಹೊಲಕ್ಕೆ ಹೊರಟರು, ಮುಂದೆ ಮೂಕಪ್ಪ. ಪ್ರತಿ ಭಾನುವಾರ ಮೂರು ನಾಲ್ಕು ಹಕ್ಕಿ ತೋರಿಸುತ್ತಿದ್ದವನು ಆ ಬದು, ಈ ಬದು, ಹಳ್ಳದ ದಂಡೆ, ಜೋಳದ ಸಾಲು ಎಲ್ಲ ಸುತ್ತಿದ. ಹೊತ್ತು ಇಳಿಯಿತು. ಒಂದು ರೆಕ್ಕೆಯೂ ಏಳಲಿಲ್ಲ. ಜನ ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು.

ಮೂಕಪ್ಪ ಒಂದು ಹೆಜ್ಜೆ ಗುರುತಾದರೂ ಸಿಗಲಿ ಅಂತ ಮೊಣಕಾಲೂರಿ ಎರೆಮಣ್ಣು ತಡಕತೊಡಗಿದ. ಜಂಬಮ್ಮ ಗಡಿಗೆ ಇಳಿಸದೆ ಅವನ ಬೆನ್ನ ಹಿಂದೆಯೇ ನಿಂತಳು.

"ಹುಡುಕು," ಅಂದಳು. "ನಿನಗ ಗೊತ್ತಿದ್ದಷ್ಟು ಯಾರಿಗೆ ಗೊತ್ತೈತಿ."