ಸ್ವಿಚ್ಚಣ್ಣನ ಮನೆಯ ಕೆಟ್ಲು

ನಾನು ಈ ಮನೆಯ ಕೆಳಗಿನ ಎರಡು ಕೋಣೆಗೆ ಬಾಡಿಗೆಗೆ ಬಂದ ದಿನ, ಸಾಮಾನು ಇಳಿಸುವವರು ನನ್ನ ಹೊಲಿಗೆ ಮಷೀನನ್ನು ಬಾಗಿಲಿಗೆ ಅಡ್ಡ ಇಟ್ಟು ನೀರು ಕುಡಿಯಲು ಹೋಗಿದ್ದರು. ಮಹಡಿಯಿಂದ ಒಬ್ಬರು ಇಳಿದು ಬಂದರು. ತಲೆ ಪೂರ್ತಿ ಬೆಳ್ಳಗೆ, ಅಂಗಿ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರು. ನನ್ನ ಕಡೆ ನೋಡಲೇ ಇಲ್ಲ. ಮಷೀನಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಚಕ್ರ ತಿರುಗಿಸಿ, ಬೆಲ್ಟು ಎಳೆದು ನೋಡಿ ಕೇಳಿದರು:

"ಇದಕ್ಕೆ ಮೋಟಾರ್ ಹಾಕ್ಸಿಲ್ವಾ?"

"ಕಾಲಿದೆಯಲ್ಲ" ಅಂದೆ.

"ಕಾಲು ಎಷ್ಟು ವರ್ಷ ಬರುತ್ತೆ ಅಕ್ಕಾ?"

"ಅದು ಕೆಟ್ಟ ದಿನ ನಿಮ್ಮನ್ನೇ ಕರೀತೀನಿ."

ಆಗ ತಲೆ ಎತ್ತಿ ನೋಡಿ ನಕ್ಕರು. ಸಾಮಾನಿನವರು ಬರುವಷ್ಟರಲ್ಲಿ ಮಷೀನನ್ನು ಒಬ್ಬರೇ ಒಳಗೆ ಸರಿಸಿ, ಕಿಟಕಿಯ ಬೆಳಕಿಗೆ ಸರಿಯಾಗಿ ನಿಲ್ಲಿಸಿದ್ದರು.

ಲಿಫ್ಟ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದವರು. ಬೀದಿಯವರೆಲ್ಲ ಸ್ವಿಚ್ಚಣ್ಣ ಅನ್ನುತ್ತಾರೆ, ಅವರೂ ಓಗೊಡುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಮಹಡಿಯಲ್ಲಿ ಒಬ್ಬರೇ. ಒಬ್ಬರೇ ಅನ್ನುವುದು ಮಾತಿಗೆ. ಮೇಲೆ ಹೋಗಿ ನೋಡಿದರೆ ಮನೆ ತುಂಬ ಆಳುಕಾಳು. ತಟ್ಟೆಯಂಥ ಒಂದು ಮಷೀನು ನೆಲ ಗುಡಿಸುತ್ತಾ ಮಂಚದ ಕೆಳಗೆ ನುಗ್ಗುತ್ತದೆ. ಚಪ್ಪಾಳೆ ತಟ್ಟಿದರೆ ದೀಪ ಹತ್ತುತ್ತದೆ, ರೊಟ್ಟಿ ತಟ್ಟಿದರೂ ಹತ್ತುತ್ತದೆ. ಮೇಲಿನ ಟ್ಯಾಂಕು ತುಂಬಿದರೆ ಅವರದೇ ದನಿಯಲ್ಲಿ ಒಂದು ಡಬ್ಬಿ ಕೂಗುತ್ತದೆ: "ಸಾಕಪ್ಪಾ, ಆಫ್ ಮಾಡು." ಮೊದಲ ವಾರ ನಾನು, ಪಾಪ ಈ ಮನುಷ್ಯ ಬೆಳಬೆಳಗ್ಗೆ ಯಾರ ಜೊತೆ ಜಗಳ ಆಡುತ್ತಾರೋ ಅಂದುಕೊಂಡಿದ್ದೆ.

"ಇಷ್ಟೆಲ್ಲ ಯಾಕಣ್ಣಾ?" ಅಂತ ಒಮ್ಮೆ ಕೇಳಿದೆ.

"ಅವಳಿದ್ದಾಗ ಇದರಲ್ಲಿ ಅರ್ಧ ಇರಲಿಲ್ಲ. ಮನೇಲಿ ಏನಾದ್ರೂ ಸದ್ದು ಮಾಡ್ತಿರಬೇಕಲ್ಲ ಅಕ್ಕಾ."

ಎಲ್ಲಕ್ಕಿಂತ ದೊಡ್ಡ ಕೆಲಸ ಅಡುಗೆಮನೆಯ ಕೆಟ್ಲಿನದು. ಅದರ ಪ್ಲಗ್ಗಿಗೆ ಒಂದು ಪುಟ್ಟ ಡಬ್ಬಿ ಸಿಕ್ಕಿಸಿದ್ದರು. ಬೆಳಗ್ಗೆ ಕೆಟ್ಲು ಬಿಸಿಯಾದರೆ ಊರಿನ ಆ ಕೊನೆಯಲ್ಲಿರುವ ಮಗಳ ಫೋನು ಟಿಣ್ ಅನ್ನುತ್ತದೆ. ಅಪ್ಪ ಎದ್ದ, ಟೀ ಕಾಸಿದ ಅಂತ. ಆಗದಿದ್ದರೆ ಅದೇ ಫೋನು ಬಾಯಿ ಬಡಿದುಕೊಳ್ಳುತ್ತದೆ. ಕೆಟ್ಲು ದಿನಾ ಬಿಸಿಯಾಗುವವರೆಗೆ ಅವರು ಇಲ್ಲೇ ಇರಬಹುದು ಅನ್ನುವುದು ಅಪ್ಪ ಮಗಳ ಒಪ್ಪಂದ. ಮಗಳ ಮನೆಗೆ ಹೋಗುವುದು ಅವರಿಗೆ ಬೇಡ. ಮಗಳು ಚಿನ್ನದಂಥವಳು, ಅಳಿಯನೂ ಕೆಟ್ಟವನಲ್ಲ. "ಆದ್ರೆ ಅಲ್ಲಿ ನಾನು ಒಂದು ಸ್ಕ್ರೂ ಮುಟ್ಟಿದ್ರೂ ಅಳಿಯಂದ್ರು ಕೆಮ್ತಾರೆ. ಕೈ ಕಟ್ಕೊಂಡು ಕೂತ್ರೆ ನಾನು ಉಳಿಯಲ್ಲ ಅಕ್ಕಾ."

ಹೋದ ವರ್ಷ ನನ್ನ ಮೊಣಕಾಲು ಕೆಟ್ಟಿತು. ಹೇಳಿದ ಮಾತು ಉಳಿಸಿಕೊಂಡು ಅವರನ್ನೇ ಕರೆದೆ. ಮರುದಿನ ಬೆಳಕು ಹರಿಯುವ ಮೊದಲೇ ಮೋಟಾರು ಹಿಡಿದು ಬಂದು ಕೂತರು. ಬೆಳಗಾಗುವುದನ್ನು ಕಾಯಲು ಆಗಲಿಲ್ಲ ಅಂತ ಕಾಣುತ್ತದೆ, ಫೋನೂ ತಂದಿರಲಿಲ್ಲ. ಮನೆಗೆ ಬಂದವರನ್ನು ಬರಿಬಾಯಲ್ಲಿ ಕೂರಿಸುವುದು ಹೇಗೆ? ಶುಂಠಿ ಜಜ್ಜಿ ಹಾಕಿ ಟೀ ಮಾಡಿಕೊಟ್ಟೆ. ಮತ್ತೊಂದು ಲೋಟ ಕೇಳಿ ಕುಡಿದರು.

ಮೋಟಾರು ಕೂತಿತು. ನಾನು ಒಂದು ಪ್ಯಾಂಟಿನ ಅಂಚು ಮಡಿಸಿ ಹೊಲಿದೆ, ಇನ್ನೊಂದು ಹೊಲಿದೆ. ಗರ್ರ್ ಅನ್ನುವ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಅವರು ಮೋಟಾರಿಗೆ ಕಿವಿ ಹಚ್ಚಿ, "ಇನ್ನೂ ಜೋರು, ಇನ್ನೂ ಜೋರು" ಅನ್ನುತ್ತಿದ್ದರು. ಆಮೇಲೆ ಮೇಲಿಂದ ಮರ ಸೀಳಿದ ಸದ್ದು ಬಂತು.

ಇಬ್ಬರೂ ಮೆಟ್ಟಿಲು ಹತ್ತಿದೆವು. ಎದುರು ಮನೆಯ ಬಡಗಿ ಕಬ್ಬಿಣದ ಸಲಾಕೆ ಹಿಡಿದು ನಿಂತಿದ್ದಾನೆ. ಸ್ವಿಚ್ಚಣ್ಣ ಆಸೆಪಟ್ಟು ಹಾಕಿಸಿದ್ದ ಬೆರಳಿಟ್ಟರೆ ತೆರೆಯುವ ಬೀಗ, ಬಾಗಿಲಿನ ಚೂರಿನ ಸಮೇತ ನೆಲದ ಮೇಲಿದೆ. ಆ ಬೀಗಕ್ಕೆ ಗೊತ್ತಿದ್ದದ್ದು ಅವರೊಬ್ಬರ ಹೆಬ್ಬೆರಳು. ಒಳಗೆ ಮಗಳು ಬಚ್ಚಲು, ಕೋಣೆ, ಮಂಚದ ಕೆಳಗೆ ಎಲ್ಲ ಹುಡುಕುತ್ತಿದ್ದಾಳೆ. ಅವಳು ಕಾರು ಕಲಿಸುವವಳು. ಪಾಠ ನಡೆಸುತ್ತಿದ್ದವಳು ಹಾಗೇ ಕಾರು ತಿರುಗಿಸಿ ಬಂದಿದ್ದಳು. ಕಲಿಯುವ ಹೆಂಗಸೂ ಜೊತೆಗೇ ಬಂದು, ಗೋಡೆಗೊರಗಿ ಬೆವರು ಒರೆಸಿಕೊಳ್ಳುತ್ತಿದ್ದಳು.

"ಯಾರಿಗೇನಾಯ್ತು?" ಅಂತ ಸ್ವಿಚ್ಚಣ್ಣ ಕೇಳಿದರು.

ಮಗಳು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. "ಎಲ್ಲಿ ಹೋಗಿದ್ದೆ?"

"ಕೆಳಗೆ. ಅಕ್ಕನ ಮನೇಲಿ ಟೀ ಕುಡಿದೆ."

ಬಡಗಿ ಸಲಾಕೆಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡು, "ಗುಡ್ಡ ಅಗೆದು ಇಲಿ ಹಿಡಿದಂಗಾಯ್ತು" ಅಂದ.

"ಸಾಕಪ್ಪ. ಈ ತಿಂಗಳು ಮುಗಿದ ಮೇಲೆ ನಮ್ಮನೆಗೇ ಬಂದುಬಿಡು. ನಿನ್ನ ಡಬ್ಬಿ ನಂಬಿ ನಾನು ಬದುಕಕ್ಕಾಗಲ್ಲ" ಅಂದಳು ಮಗಳು. ಅವರು ಎದುರಾಡಲಿಲ್ಲ. ಮಾರನೆಯ ದಿನದಿಂದ ಒಂದೊಂದೇ ತಂತಿ ಕಳಚಿ ಸುತ್ತಿ ಇಡತೊಡಗಿದರು. ಟ್ಯಾಂಕು ತುಂಬಿ ಹರಿದರೂ ಕೂಗುವವರಿಲ್ಲ. ಆ ಕೂಗಿಲ್ಲದೆ ನನಗೆ ಬೆಳಗಾದಂತೆ ಆಗುತ್ತಿರಲಿಲ್ಲ.

ಭಾನುವಾರ ಮಗಳು ಸಾಮಾನು ಕಟ್ಟಲು ಬಂದಳು. ಅವಳನ್ನು ಕೆಳಗೆ ಕರೆದು ಕೂರಿಸಿದೆ.

"ಅಪ್ಪನಿಗೆ ಕಾಯಿಲೆ ಇಲ್ಲ, ಕಸಾಲೆ ಇಲ್ಲ. ನಿನಗೆ ಯಾವುದರ ಹೆದರಿಕೆಯಮ್ಮಾ?"

ಅವಳು ಕೈಯಲ್ಲಿದ್ದ ಹಗ್ಗದ ಸುರುಳಿ ಕೆಳಗಿಟ್ಟಳು. "ಅಮ್ಮ ಹೋಗಿದ್ದು ಬೆಳಗ್ಗೆ ಆಂಟಿ. ಅಪ್ಪ ಎಲ್ಲೋ ಲಿಫ್ಟಿನ ಗುಂಡೀಲಿದ್ರು, ನಾನು ಪಾಠದಲ್ಲಿದ್ದೆ. ಇಬ್ಬರಿಗೂ ಗೊತ್ತಾಗೋವಾಗ ಮಧ್ಯಾಹ್ನ. ಕೆಳಗಿನ ಮನೆ ಆಗ ಖಾಲಿ."

"ಈಗ ಖಾಲಿ ಇಲ್ಲವಲ್ಲ" ಅಂದೆ. "ಕೆಟ್ಲಿಗೆ ತನ್ನ ಹೊಟ್ಟೆಯ ನೀರಿನ ಸುದ್ದಿ ಮಾತ್ರ ಗೊತ್ತು. ನಿಮ್ಮಪ್ಪ ಕೆಮ್ಮಿದ್ದು, ನಡೆದದ್ದು, ಹಾಡಿದ್ದು ಎಲ್ಲ ನನಗೆ ಈ ತಾರಸಿಯಿಂದ ಕೇಳುತ್ತೆ. ಫೋನ್ ಬಾಯಿ ಬಡ್ಕೊಂಡ್ರೆ ಮೊದಲು ನನಗೆ ಮಾಡು. ಮೇಲೆ ಹತ್ತಿ ನೋಡಿ ಹೇಳ್ತೀನಿ."

"ನಿಮ್ಮ ಮೊಣಕಾಲು?"

"ಹೊಲಿಯೋದಕ್ಕೆ ಮೋಟಾರು ಬಂತು. ಕಾಲು ಈಗ ಮೆಟ್ಟಿಲಿಗೆ ಬಿಡುವಾಗಿದೆ."

ಅವಳು ನಕ್ಕಳು, ಕಣ್ಣೂ ಒರೆಸಿಕೊಂಡಳು. ಮೇಲೆ ಹೋಗಿ ಅಪ್ಪನಿಗೆ ಏನು ಹೇಳಿದಳೋ, ಸಂಜೆಗೆ ಕಟ್ಟಿದ ಪೆಟ್ಟಿಗೆಗಳನ್ನು ಬಿಚ್ಚುವ ಸದ್ದು ಕೇಳಿತು.

ಬಡಗಿ ಬಾಗಿಲು ಸರಿಮಾಡಿಕೊಟ್ಟ. ಬೀಗಕ್ಕೆ ಈ ಸಲ ಮಗಳ ಬೆರಳು ಸೇರಿತು. ನನ್ನ ಹೆಬ್ಬೆರಳನ್ನು ಮಾತ್ರ ಅದು ಒಪ್ಪಲಿಲ್ಲ. ಸೂಜಿ, ಕತ್ತರಿ ತಿಂದು ಗೆರೆಯೇ ಉಳಿದಿಲ್ಲ. "ಅಕ್ಕಾ, ಕಳ್ಳತನಕ್ಕೆ ನಿಮ್ಮಂಥವರೇ ಸರಿ" ಅಂದರು ಸ್ವಿಚ್ಚಣ್ಣ. ಕೊನೆಗೆ ಕಿರುಬೆರಳನ್ನು ಒಪ್ಪಿಸಿದರು.

ಒಂದು ದಿನ ಅವರ ಕೆಟ್ಲು, ಒಂದು ದಿನ ನನ್ನ ಒಲೆ. ಆ ಫೋನು ಮತ್ತೆ ಬಾಯಿ ಬಡಿದುಕೊಂಡಿಲ್ಲ. ನಿನ್ನೆ ಸಂಜೆ ಮೆಟ್ಟಿಲ ಮೇಲಿಂದ ಬಗ್ಗಿ ಕೇಳಿದರು:

"ಅಕ್ಕಾ, ನಾಳೆ ಟೀ ಮೇಲೋ ಕೆಳಗೋ? ಮಗಳಿಗೆ ಈಗಲೇ ಹೇಳಿಬಿಡಬೇಕು."