ಇಪ್ಪತ್ತೈದನೆಯ ಟ್ಯೂಬು

ಕಾಲೇಜಿನಲ್ಲಿ ಅವರಿಗೆ ‘ಅರ್ಧ ಪ್ರೊಫೆಸರ್’ ಎಂದು ಹೆಸರು. ಇಟ್ಟವರು ಗೇಲಿಗೆ ಇಟ್ಟಿದ್ದರು; ಅವರು ಅದನ್ನು ಬಡ್ತಿ ಎಂದುಕೊಂಡಿದ್ದರು. ನಿಜವಾದ ಹುದ್ದೆ ಲ್ಯಾಬ್ ಅಟೆಂಡರ್. ಮೂವತ್ತೊಂದು ವರ್ಷದಿಂದ ಗಾಜು ತೊಳೆದು, ದ್ರಾವಣ ಕಲಸಿ, ಬಾಟಲಿಗೆ ಚೀಟಿ ಅಂಟಿಸಿಕೊಂಡು ಬಂದವರು. ಹೊಸ ಮಕ್ಕಳು ಬಂದ ದಿನ, ಪಾಠ ಮಾಡಬೇಕಾದ ಮೇಡಂ ಬರುವುದರೊಳಗೆ ಕೋಟಿನ ಗುಂಡಿ ಹಾಕಿಕೊಂಡು ಅರ್ಧ ಪಾಠ ಮುಗಿಸಿರುತ್ತಿದ್ದರು.

“ನೋಡಿ ಮಕ್ಳೇ, ಕಾರ್ಬನ್ನಿಗೆ ನಾಲ್ಕು ಕೈ. ಒಂದನ್ನೂ ಸುಮ್ಮನೆ ಬಿಡೋ ಪೈಕಿ ಅಲ್ಲ ಅದು. ಸಕ್ಕರೆ ಕಣಗಳು ಕೈ ಕೈ ಹಿಡ್ಕೊಂಡು ಸಾವಿರಗಟ್ಟಲೆ ಸಾಲು ನಿಂತ್ರೆ ಪಿಷ್ಟ. ಅಮೈನೋ ಆಮ್ಲಗಳು ಸಾಲು ನಿಂತ್ರೆ ಪ್ರೋಟೀನು. ನಾವೆಲ್ಲ ಇದರಲ್ಲೇ ಆಗಿರೋದು. ನಾನೂ ಅಷ್ಟೇ, ನೀವೂ ಅಷ್ಟೇ, ಪ್ರಿನ್ಸಿಪಾಲರೂ ಅಷ್ಟೇ.”

ಪ್ರಿನ್ಸಿಪಾಲರ ಸುದ್ದಿ ಬಂದಾಗ ಮಾತ್ರ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು.

ಪಾಠದ ಕೊನೆಗೆ ಒಂದು ಪ್ರಯೋಗ. ಪಿಷ್ಟಕ್ಕೆ ಅಯೋಡಿನ್ ಹನಿಸಿದರೆ ಕಡುನೀಲಿ. ಅದೇ ಪಿಷ್ಟಕ್ಕೆ ಮನುಷ್ಯರ ಜೊಲ್ಲು ಸೇರಿಸಿ ಬಿಟ್ಟರೆ, ಜೊಲ್ಲಿನಲ್ಲಿರುವ ಕಿಣ್ವ ಆ ಕೈಗಳನ್ನೆಲ್ಲ ಬಿಡಿಸಿ ಸಕ್ಕರೆ ಮಾಡಿಹಾಕುತ್ತದೆ. ಆಮೇಲೆ ನೀಲಿ ಬರುವುದಿಲ್ಲ, ಬದಲಿಗೆ ಸಕ್ಕರೆ ಪತ್ತೆ ಮಾಡುವ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಿದರೆ ಇಟ್ಟಿಗೆಯ ಕೆಂಪು. ಜೊಲ್ಲು ಕೊಡುವ ಗೌರವ ಪ್ರತಿ ವರ್ಷವೂ ಅವರದೇ. “ಈ ಡಿಪಾರ್ಟ್‌ಮೆಂಟಲ್ಲಿ ನನ್ನ ಜೊಲ್ಲಿನಷ್ಟು ಚುರುಕು ಇನ್ಯಾರದ್ದೂ ಇಲ್ಲ” ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಅದಕ್ಕೆ ಪೈಪೋಟಿಗೆ ಬಂದವರು ಯಾರೂ ಇಲ್ಲ.

ಅವರಿಗೆ ಎರಡು ಅಭ್ಯಾಸಗಳಿದ್ದವು. ಒಂದು, ಪಿಪೆಟ್ಟು ಎಂಬ ಗಾಜಿನ ಕೊಳವೆಯಲ್ಲಿ ದ್ರಾವಣವನ್ನು ಬಾಯಿಂದಲೇ ಹೀರಿ, ಟ್ಯೂಬಿಗೆ ಬಿಟ್ಟು, ಕೊನೆಯ ಹನಿಯನ್ನು ‘ಫೂ’ ಎಂದು ಊದುವುದು. ಹೀರಲೆಂದೇ ಮೇಡಂ ತರಿಸಿಕೊಟ್ಟಿದ್ದ ರಬ್ಬರ್ ಬುರುಡೆ ಹನ್ನೆರಡು ವರ್ಷದಿಂದ ಡಬ್ಬಿಯಲ್ಲೇ ನಿದ್ದೆ ಮಾಡುತ್ತಿತ್ತು. “ಅದು ಕೈಲಾಗದವರಿಗೆ” ಎನ್ನುತ್ತಿದ್ದರು. ಇನ್ನೊಂದು ಅಭ್ಯಾಸ ಪರೀಕ್ಷೆಯ ದಿನದ್ದು. ಟ್ಯೂಬಿನಲ್ಲಿರುವುದು ಏನೆಂದು ಮಕ್ಕಳು ಕಂಡುಹಿಡಿಯಬೇಕು. ಇವರು ಬೆಂಚುಗಳ ನಡುವೆ ಓಡಾಡುತ್ತ, ಪಿಷ್ಟವಾದರೆ ಎಡಗಿವಿ ಕೆರೆದುಕೊಳ್ಳುವರು, ಪ್ರೋಟೀನಾದರೆ ಮೂಗು, ಕೊಬ್ಬಾದರೆ ಹೊಟ್ಟೆ ಸವರಿಕೊಳ್ಳುವರು. ತಮ್ಮ ಲ್ಯಾಬಿನಲ್ಲಿ ಯಾರೂ ಫೇಲಾಗಿಲ್ಲ ಎಂಬುದು ಅವರ ಹೆಮ್ಮೆ. ಕಿವಿಗೂ ಆ ಹೆಮ್ಮೆಗೂ ಇರುವ ಸಂಬಂಧ ಮೇಡಂಗೆ ಗೊತ್ತಿರಲಿಲ್ಲ.

ಆ ವರ್ಷ ಪರೀಕ್ಷೆಯ ಹಿಂದಿನ ದಿನ ಬೆಳಗ್ಗೆ ಅವರಿಗೆ ಹೊಸ ಹಲ್ಲಿನ ಸೆಟ್ಟು ಬಂತು. ಬಾಯಿ ತುಂಬ ಹಲ್ಲು, ಹಲ್ಲಿನ ತುಂಬ ಜೊಲ್ಲು.

“ರೀ, ಒರೆಸ್ಕೊಳ್ಳಿ, ತೊಟ್ಟಿಕ್ತಿದೆ” ಎಂದಳು ಹೆಂಡತಿ. “ಡಾಕ್ಟ್ರು ಹೇಳಿಲ್ವಾ, ಒಂದು ವಾರ ಹೀಗೇ ಅಂತ. ರಜ ಹಾಕಿ.”

“ನಾನಿಲ್ದೆ ಪರೀಕ್ಷೆ ನಡೆಯುತ್ತಾ?”

“ನಡೆಯುತ್ತೆ. ನಿಮಗೆ ಗೊತ್ತಾಗ್ಬಾರ್ದು ಅಷ್ಟೇ.”

ಕಟ್ಟಿಸಿದ ಹಲ್ಲು ಎಂದು ಯಾರಿಗೂ ತಿಳಿಯಬಾರದೆಂದು ತುಟಿ ಬಿಗಿಹಿಡಿದುಕೊಂಡೇ ಹೋದರು. ಮಧ್ಯಾಹ್ನ ಪಿಷ್ಟದ ದ್ರಾವಣ ಕಾಯಿಸಿ ಆರಿಸಿ, ಇಪ್ಪತ್ತನಾಲ್ಕು ಮಕ್ಕಳಿಗೆ ಇಪ್ಪತ್ತನಾಲ್ಕು ಟ್ಯೂಬು, ಒಡೆದರೆ ಇರಲಿ ಎಂದು ಇನ್ನೊಂದು, ಹೀರಿ, ಬಿಟ್ಟು, ಊದಿ, ಸಾಲಾಗಿ ಇಟ್ಟರು.

ಮರುದಿನ ಎಡಗಿವಿ ಕೆಂಪಾಗುವಷ್ಟು ಕೆರೆದುಕೊಂಡರು. ಇಪ್ಪತ್ಮೂರು ಮಕ್ಕಳು ‘ಕಡುನೀಲಿ ಬಣ್ಣ, ಪಿಷ್ಟ’ ಎಂದು ಬರೆದರು. ಒಬ್ಬಳು ಮಾತ್ರ ‘ನೀಲಿ ಬರಲಿಲ್ಲ, ಇಟ್ಟಿಗೆ ಕೆಂಪು ಬಂತು, ಸಕ್ಕರೆ’ ಎಂದು ಬರೆದಳು. ಅವಳು ಕೆಲಸಕ್ಕೆ ಕೂತರೆ ಟ್ಯೂಬಿನಿಂದ ಕಣ್ಣು ಎತ್ತುವವಳಲ್ಲ. ಇಡೀ ಕಾಲೇಜಿನಲ್ಲಿ ಅವರನ್ನು ‘ಸರ್’ ಎನ್ನುತ್ತಿದ್ದವಳೂ ಅವಳೊಬ್ಬಳೇ.

ಟ್ಯೂಬುಗಳಿಗೆ ತುಂಬಿ ದೊಡ್ಡ ಬಾಟಲಿಯಲ್ಲಿ ಮಿಕ್ಕಿದ್ದ ದ್ರಾವಣಕ್ಕೆ ಮೇಡಂ ಅಯೋಡಿನ್ ಹನಿಸಿ ನೋಡಿದರು. ಕಡುನೀಲಿ. ಹುಡುಗಿಗೆ ಸೊನ್ನೆ. ಪ್ರಾಕ್ಟಿಕಲ್ ಫೇಲಾದರೆ ನರ್ಸಿಂಗ್ ಸೀಟು ಇಲ್ಲ. ಅಂಕಪಟ್ಟಿ ಮಾರನೇ ದಿನ ಬೆಳಗ್ಗೆ ಹೋಗಬೇಕು.

ಸಂಜೆ ಹುಡುಗಿ ಲ್ಯಾಬಿನ ಬಾಗಿಲಿಗೆ ಬಂದಳು. ಹಿಂದೆ ನಾಲ್ಕೈದು ಜನ ಗೆಳತಿಯರು.

“ಸರ್, ಎರಡು ಸಲ ಮಾಡ್ದೆ. ಎರಡು ಸಲವೂ ಕೆಂಪೇ ಬಂತು.”

“ಟ್ಯೂಬು ತೊಳೆಯೋಕೆ ಬರದೇ ಇದ್ರೆ ಕೆಂಪೂ ಬರುತ್ತೆ, ಹಳದೀನೂ ಬರುತ್ತೆ” ಎಂದರು ಅರ್ಧ ಪ್ರೊಫೆಸರ್, ಎಲ್ಲರಿಗೂ ಕೇಳಿಸುವ ಹಾಗೆ. ಗೆಳತಿಯರು ಕಿಸಕ್ಕೆಂದರು. ಅವರಿಗೆ ಹುರುಪು ಏರಿತು. “ಬಾ ಇಲ್ಲಿ. ಮಿಕ್ಕಿದ ಟ್ಯೂಬು ಒಂದಿದೆ. ಪಿಷ್ಟ ಅಂದ್ರೇನು ಅಂತ ತೋರಿಸ್ತೀನಿ.”

ಇಪ್ಪತ್ತೈದನೆಯ ಟ್ಯೂಬಿಗೆ ಅಯೋಡಿನ್ ಹನಿಸಿದರು. ಅದು ನೀರು ಹೆಚ್ಚಾದ ಚಹಾದ ಹಾಗೆ ತೆಳ್ಳಗೆ ನಿಂತಿತು. ಇನ್ನೊಂದು ಹನಿ. ಇನ್ನೆರಡು. ಕುಲುಕಿದರು. ಬೆಳಕಿಗೆ ಹಿಡಿದರು. ಎಲ್ಲೂ ನೀಲಿಯಿಲ್ಲ.

ಆಗ ಬಾಯಲ್ಲಿ ನೀರು ತುಂಬಿಕೊಂಡಿತು. ಅದನ್ನು ನುಂಗುತ್ತಿರುವಾಗಲೇ ಅವರಿಗೆ ಎಲ್ಲ ತಿಳಿದುಹೋಯಿತು. ಇಪ್ಪತ್ತೈದು ಸಲ ಊದಿದ್ದರು. ಇಪ್ಪತ್ತೈದು ಸಲವೂ ಡಿಪಾರ್ಟ್‌ಮೆಂಟಿನ ಅತಿ ಚುರುಕಿನ ಜೊಲ್ಲು ಟ್ಯೂಬಿಗೆ ಇಳಿದು, ರಾತ್ರಿಯೆಲ್ಲ ತನ್ನ ಕೆಲಸ ಮಾಡಿತ್ತು.

“ಅಯೋಡಿನ್ ಹಳೇದು” ಎಂದರು. ಮೂರು ದಿನದ ಹಿಂದೆ ಅವರೇ ಮಾಡಿಟ್ಟಿದ್ದ ಅಯೋಡಿನ್. “ಹೋಗು, ಹೋಗು, ಹೊತ್ತಾಯ್ತು.”

“ಸರಿ ಸರ್. ನನ್ನಿಂದ ನಿಮಗೆ ತೊಂದ್ರೆ ಆಯ್ತು” ಎಂದು ಹುಡುಗಿ ತಲೆ ತಗ್ಗಿಸಿಕೊಂಡು ಹೋದಳು. ಅವಳು ಜಗಳಕ್ಕೆ ನಿಂತಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಮನೆಯಲ್ಲಿ ಹಲ್ಲು ತೆಗೆದು ಲೋಟದಲ್ಲಿಟ್ಟು, ಊಟ ಬೇಡವೆಂದರು. ಹೆಂಡತಿ ಬಿಡಲಿಲ್ಲ, ಹೇಳಿಸಿದಳು. ಕೇಳಿ ಮೊದಲು ನಕ್ಕಳು. ಅವರ ಮುಖ ನೋಡಿ ನಗು ನಿಲ್ಲಿಸಿದಳು.

“ನಿಮ್ಮ ಹಲ್ಲಿನ ಸುದ್ದಿ ಗೊತ್ತಾದ್ರೆ ಜನ ಎರಡು ದಿನ ನಗ್ತಾರೆ. ಆ ಮಗು ಎಷ್ಟು ದಿನ ಅಳುತ್ತೆ?”

ಅವರು ಬೊಚ್ಚು ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

ಬೆಳಗ್ಗೆ ಮೇಡಂ ಅಂಕಪಟ್ಟಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದರು. ಅರ್ಧ ಪ್ರೊಫೆಸರ್ ಟ್ಯೂಬನ್ನು ಮೇಜಿನ ಮೇಲಿಟ್ಟು, ಪಿಷ್ಟ ಕಳಿಸಿದ ಕಂಪನಿಯಿಂದ ಶುರುಮಾಡಿ, ನೀರಿನ ಗುಣಕ್ಕೆ ಬಂದು, ಹವಾಮಾನವನ್ನು ಸುತ್ತಿ, ಬೇರೆ ದಾರಿ ಕಾಣದೆ ತಮ್ಮ ಬಾಯಿಗೆ ಬಂದರು. ಹಲ್ಲಿನ ಸೆಟ್ಟನ್ನು ತೆಗೆದೇ ತೋರಿಸಿದರು.

ಮೇಡಂ ಟ್ಯೂಬನ್ನೂ ಹಲ್ಲನ್ನೂ ನೋಡಿದರು. “ಅಂದ್ರೆ ಹುಡುಗಿ ಬರೆದಿದ್ದೇ ಸರಿ” ಎಂದು ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಹಾಕಿದರು. ಅರ್ಧ ಪ್ರೊಫೆಸರ್‌ಗೆ ಉಸಿರು ಬಂತು. ಬಾಗಿಲ ಕಡೆ ತಿರುಗಿದರು.

“ಒಂದ್ನಿಮಿಷ. ಉಳಿದ ಇಪ್ಪತ್ಮೂರು ಜನಕ್ಕೂ ಇದೇ ಟ್ಯೂಬು ತಾನೇ? ಅವರಿಗೆಲ್ಲ ನೀಲಿ ಹೇಗೆ ಕಾಣಿಸ್ತು?”

ಏನಾದರೂ ಹೇಳಬಹುದಿತ್ತು. ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕೈ ತನ್ನಷ್ಟಕ್ಕೆ ತಾನೇ ಎದ್ದು ಎಡಗಿವಿಗೆ ಹೋಗಿತ್ತು.

ಮೇಡಂ ನೋಡುತ್ತಲೇ ಇದ್ದರು. ಕೈ ಇಳಿಸಲಾಗಲಿಲ್ಲ.

“ಇದೇ ಮೇಡಂ” ಎಂದರು, ಕಿವಿ ಹಿಡಿದುಕೊಂಡೇ. “ಈ ಕಿವಿ. ತುಂಬಾ ವರ್ಷದಿಂದ.”

ಇಪ್ಪತ್ಮೂರು ಮಕ್ಕಳಿಗೆ ವಾರದ ಮೇಲೆ ಮರುಪರೀಕ್ಷೆಯಾಯಿತು. ಅರ್ಧ ಪ್ರೊಫೆಸರ್ ಆ ದಿನ ಲ್ಯಾಬಿನೊಳಗೆ ಕಾಲಿಡಬಾರದು. ಟ್ಯೂಬು ತುಂಬಿಸಲು ಮಾತ್ರ ಹಿಂದಿನ ದಿನ ಬರಬಹುದು, ಅದೂ ಬಾಯಿ ಹಚ್ಚುವಂತಿಲ್ಲ. ಸಹಾಯಕ್ಕೆಂದು ಮೇಡಂ ಆ ಹುಡುಗಿಯನ್ನೇ ಕಳಿಸಿದ್ದರು.

ಅವರು ಡಬ್ಬಿ ಒರೆಸಿ ರಬ್ಬರ್ ಬುರುಡೆ ಹೊರತೆಗೆದರು. ಬಹಳ ಹೊತ್ತು ಅದನ್ನೇ ತಿರುಗಿಸುತ್ತ ಕೂತರು.

“ಟ್ಯೂಬು ನೀನು ಚೆನ್ನಾಗೇ ತೊಳೆದಿದ್ದೆ ಕಣಮ್ಮ” ಎಂದರು, ಬುರುಡೆಗೆ ಹೇಳುವ ಹಾಗೆ. “ಎಲ್ಲರ ಮುಂದೆ ಅಂದುಬಿಟ್ಟೆ. ಅವತ್ತೇ ಗೊತ್ತಾಗಿತ್ತು ನನಗೆ. ಗೊತ್ತಾಗಿಯೂ ನಿನ್ನ ಕಳಿಸ್ಬಿಟ್ಟೆ.”

ಹುಡುಗಿ ಪಿಪೆಟ್ಟು ತೆಗೆದುಕೊಂಡು ಬುರುಡೆಗಾಗಿ ಕೈ ಚಾಚಿದಳು.

“ಇದನ್ನ ಹೇಗೆ ಹಿಡಿಯೋದು ಸರ್? ಮೊದಲು ಒತ್ತಬೇಕಾ, ಸಿಕ್ಕಿಸಬೇಕಾ?”

ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವರು ಒಮ್ಮೆಯೂ ಆಡದಿದ್ದ ಮಾತು ಹೊಸ ಹಲ್ಲುಗಳ ನಡುವಿನಿಂದ ಕಷ್ಟಪಟ್ಟು ಹೊರಬಂತು.

“ಗೊತ್ತಿಲ್ಲಮ್ಮ. ನೀನೇ ಮಾಡಿ ನೋಡಿ ಹೇಳು.”