ಪಕ್ಕದ ಸಮಾಧಿಗೊಂದು ಅರ್ಜಿ

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಆ ಕಾರಣದಿಂದ, ಪಡಿತರ ಚೀಟಿಯಿಂದ ಹಿಡಿದು ಪಿಂಚಣಿಯವರೆಗೆ ಬಂಧುಗಳ ಅರ್ಜಿಗಳೆಲ್ಲ ಶಿವಮೊಗ್ಗದ ಹೊಸಮನೆಯಲ್ಲಿರುವ ನನ್ನ ಬಾಡಿಗೆ ಮನೆಗೇ ಬರುತ್ತವೆ. ಬರೆದದ್ದನ್ನು ಮೂರು ಬಾರಿ ಓದದೆ ನಾನು ಸಹಿಗೆ ಕೊಡುವವನಲ್ಲ. ಅಷ್ಟು ಎಚ್ಚರದಿಂದ ಬರೆದ ಅರ್ಜಿಯೊಂದು ನನ್ನ ದೊಡ್ಡಮ್ಮನನ್ನು, ಸತ್ತವರೆಲ್ಲ ಎದ್ದುಬರುವ ಪುನರುತ್ಥಾನದ ದಿನದಂದೂ ಕಷ್ಟಕ್ಕೆ ಸಿಕ್ಕಿಸುವುದರಲ್ಲಿತ್ತು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ವಾಸ. ದೊಡ್ಡಪ್ಪ ಕಾರ್ಖಾನೆಯ ಕುಲುಮೆಯ ಬಳಿ ದುಡಿದು ನಿವೃತ್ತರಾದವರು. ಅವರು ತೀರಿಕೊಂಡಾಗ ನಮ್ಮ ಕ್ರೈಸ್ತ ಸಭೆಯ ಸಮಾಧಿಭೂಮಿಯಲ್ಲಿ ಸ್ಥಳ ಬಹಳ ಉಳಿದಿರಲಿಲ್ಲ. ಗಂಡನ ಪಕ್ಕದ ಜಾಗ ಬೇಕೆನ್ನುವ ಹೆಂಡತಿ ಬದುಕಿರುವಾಗಲೇ ಹಿರಿಯರ ಸಮಿತಿಗೆ ಅರ್ಜಿ ಸಲ್ಲಿಸಬೇಕೆಂಬುದು ನಮ್ಮಲ್ಲಿನ ಪದ್ಧತಿ. ಎಲ್ಲ ಹೆಂಡತಿಯರೂ ಸಲ್ಲಿಸುತ್ತಾರೆ. ಆದ್ದರಿಂದ ದೊಡ್ಡಮ್ಮನನ್ನು ಕೇಳಬೇಕೆಂದು ನನಗೆ ತೋಚಲೇ ಇಲ್ಲ. ಅವಳು ಅಳುತ್ತಿದ್ದಾಗಲೇ ಕಾಗದ ಮುಂದಿಟ್ಟೆ. ಅವಳು ಸಹಿ ಹಾಕಿದಳು.

“ಕಡೆಯ ತುತ್ತೂರಿ ಮೊಳಗಿದಾಗ ಈ ದಂಪತಿಗಳು ಅಕ್ಕಪಕ್ಕದಲ್ಲಿಯೇ ಎದ್ದು, ಜೊತೆಯಾಗಿ ಕರ್ತನನ್ನು ಎದುರುಗೊಳ್ಳುವ ಭಾಗ್ಯವನ್ನು ದಯಪಾಲಿಸಬೇಕಾಗಿ ವಿನಂತಿ” ಎಂಬ ವಾಕ್ಯವನ್ನು ನಾನು ಈಗಲೂ ಬಾಯಿಪಾಠ ಒಪ್ಪಿಸಬಲ್ಲೆ. ಭಾನುವಾರದ ಆರಾಧನೆ ಮುಗಿದ ಮೇಲೆ ಸಮಿತಿಯವರು ಅದನ್ನು ಗಟ್ಟಿಯಾಗಿ ಓದಿ, ಅಲ್ಲಿಯೇ ಮಂಜೂರು ಮಾಡಿದರು. ಕೆಲವರು ಕಣ್ಣೊರೆಸಿಕೊಂಡರು. ಹೆಂಗಸರ ಸಾಲಿನಲ್ಲಿ ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅದನ್ನೂ ನಾನು ನನ್ನ ಭಾಷೆಯ ಪರಿಣಾಮವೆಂದೇ ತಿಳಿದೆ.

ಮನೆಗೆ ಬಂದವಳೇ ಅವಳು ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿದಳು.

“ಹಂಗೆಲ್ಲ ಬರಿ ಅಂತ ಯಾರು ಹೇಳಿದ್ರು ನಿಂಗೆ?”

“ಎಲ್ಲರೂ ಗಂಡನ ಪಕ್ಕದಲ್ಲೇ ಕೇಳ್ತಾರಲ್ಲ, ದೊಡ್ಡಮ್ಮ.”

“ಮಾರಾಯ, ಮೂವತ್ತೆಂಟು ವರ್ಷ ಫ್ಯಾಕ್ಟ್ರಿ ಸೈರನ್ ಕೂಗಿದ ಕೂಡ್ಲೇ ಎದ್ದಿದೀನಿ. ಒಲೆ ಹಚ್ಚು, ನೀರು ಕಾಯ್ಸು, ಡಬ್ಬಿ ಕಟ್ಟು. ಈಗ ತುತ್ತೂರಿ ಕೂಗಿದಾಗ್ಲೂ ಅವರ ಪಕ್ಕದಲ್ಲೇ ಏಳ್ಬೇಕು ಅಂತ ಬರ್ದಿದೀಯಲ್ಲ! ಕಣ್ಣು ಬಿಟ್ಟ ತಕ್ಷಣ ಏನು ಕೇಳ್ತಾರೆ ಗೊತ್ತಾ? ‘ಏನೇ, ನನ್ನ ಕನ್ನಡಕ ಎಲ್ಲಿಟ್ಟೆ?’”

“ಪರಲೋಕದಲ್ಲಿ ಕನ್ನಡಕದ ಅವಶ್ಯಕತೆ ಇರೋದಿಲ್ಲ ದೊಡ್ಡಮ್ಮ. ಅಲ್ಲಿ ಮಹಿಮೆಯ ಶರೀರ…”

“ನಿಮ್ಮ ದೊಡ್ಡಪ್ಪನ ವಿಷ್ಯ ನಿಂಗೇನು ಗೊತ್ತು! ಅವಶ್ಯಕತೆ ಇಲ್ದಿದ್ರೂ ಹುಡುಕಿಸ್ತಾರೆ.”

ನಾನು ನಕ್ಕೆ. ಅವಳು ನಗಲಿಲ್ಲ.

“ಪರಲೋಕ ಇಲ್ಲ ಅನ್ನೋದಾದ್ರೆ ಎಲ್ಲಿ ಹೂತ್ರೇನು ನಂಗೆ? ಇದೆ ಅಂತಾನೇ ಹೆದರಿಕೆ ಆಗ್ತಿರೋದು.”

ನನ್ನ ನಗು ಅಲ್ಲಿಗೇ ನಿಂತಿತು. ಪ್ರತಿ ವಾರ ಆರಾಧನೆಯಲ್ಲಿ ನಿತ್ಯಜೀವವನ್ನು ನಂಬುತ್ತೇನೆಂದು ಎದ್ದು ನಿಂತು ಹೇಳುವವನು ನಾನು. ಆದರೆ ಆ ಜೀವದ ಮೊದಲ ಬೆಳಿಗ್ಗೆ ಯಾರು ಏನು ಮಾಡುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನನಗೆ ಪರಲೋಕವು ಅರ್ಜಿಯ ಕೊನೆಗೆ ಒಪ್ಪುವ ಮಾತಾಗಿತ್ತು. ದೊಡ್ಡಮ್ಮ ಅಲ್ಲಿಗೆ ಹೋಗಿ ಇರಬೇಕಾದವಳು.

ಆ ಜಾಗ ಬೇಡ, ಬೇರೆ ಕೊಡಿ ಎಂದು ಎರಡನೆಯ ಅರ್ಜಿ ಬರೆಯಬೇಕಾಯಿತು. ಕಾರಣವೇನೆಂದು ಬರೆಯುವುದು? ಮೂರು ಹಾಳೆ ಹರಿದು, ಕಡೆಗೆ “ವೈಯಕ್ತಿಕ ಕಾರಣಗಳಿಂದ” ಎಂದು ಬರೆದೆ. ಆ ವಾರವೇ ಸಭೆಯ ಪಾಲಕರಾದ ಅಯ್ಯನವರು ಕಾಗದ ಹಿಡಿದುಕೊಂಡು ದೊಡ್ಡಮ್ಮನ ಮನೆಗೆ ಬಂದರು. ನಾನೂ ಅಲ್ಲಿದ್ದೆ.

“ಮಣ್ಣಾದ ಮೇಲೆ ಎಂಥ ವೈಯಕ್ತಿಕ ಕಾರಣಾಮ್ಮ?” ಎಂದರು. ಕೇಳಿದ್ದು ಅವಳನ್ನು, ನೋಡಿದ್ದು ನನ್ನನ್ನು.

“ಅವ್ರ ಮೇಲೆ ಸಿಟ್ಟಿಲ್ಲ ಅಯ್ಯನೋರೇ. ದೂರ ಏನೂ ಬೇಡ. ನಡುವೆ ಕಾಲುದಾರಿ ಇದೆಯಲ್ಲ, ಅದರಿಂದ ಈ ಕಡೆ ಕೊಡಿ, ಸಾಕು. ಅವ್ರು ಕರೆದ್ರೆ ಕೇಳಿಸ್ಬೇಕು. ಆದ್ರೆ ಕರೆದ ಕೂಡ್ಲೇ ಓಡಲ್ಲ. ಸ್ವಲ್ಪ ಹೊತ್ತು ಕೂತಿದ್ದು ಆಮೇಲೆ ಹೋಗ್ತೀನಿ.”

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಅವರದೂ ಮದುವೆಯಾಗಿ ಬಹಳ ವರ್ಷಗಳಾಗಿದ್ದವು.

“ಎಷ್ಟು ಹೊತ್ತು?”

“ಒಂದು ಕಾಫಿ ಕುಡಿಯೋಷ್ಟು.”

ಮಂಜೂರಾಯಿತು. ಈ ಅರ್ಜಿಯನ್ನು ಮಾತ್ರ ಯಾರೂ ಗಟ್ಟಿಯಾಗಿ ಓದಲಿಲ್ಲ.

ಕಳೆದ ಈಸ್ಟರಿನ ಮುಂಜಾನೆ ವಾಡಿಕೆಯಂತೆ ಎಲ್ಲರೂ ಸಮಾಧಿಭೂಮಿಗೆ ಹೋಗಿದ್ದೆವು. ದೊಡ್ಡಮ್ಮ ದೊಡ್ಡಪ್ಪನ ಶಿಲುಬೆಯ ಧೂಳನ್ನು ಸೆರಗಿನಿಂದ ಒರೆಸಿ, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚಿದಳು. ಗಾಳಿಗೆ ಆರಿತು, ಮತ್ತೆ ಹಚ್ಚಿದಳು. ಅನಂತರ ಕಾಲುದಾರಿಯನ್ನು ದಾಟಿ, ತನಗೆ ಮಂಜೂರಾದ ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತಳು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟೆ. ಅಷ್ಟರಲ್ಲಿ ಆಚೆಯಿಂದ ಅಯ್ಯನವರು ಹಾಡಿಗೆ ಎಲ್ಲರನ್ನೂ ಕರೆದರು. ತಡವಾಗಬಾರದೆಂದು ನಾನು ಗಡಿಬಿಡಿಯಿಂದ ಎದ್ದೆ.

“ಕೂತ್ಕೋ ಮಾರಾಯ,” ಎಂದಳು ದೊಡ್ಡಮ್ಮ. “ಇನ್ನೂ ಅರ್ಧ ಲೋಟ ಇದೆ.”